ಮಸ್ಕಿ ಗುಡ್ಡದ ಮೇಲೆ ಗ್ರಹಣದ ಮಧ್ಯಾಹ್ನ

ಆಡು ಮೇಯಿಸುವ ಆ ಅವ್ವ ನನಗೆ ಮೊದಲು ಸಿಕ್ಕಾಗ ನಾನು ಮಸ್ಕಿ ಗುಡ್ಡದ ಒಂದು ಬಂಡೆಯ ಮೇಲೆ ಮೊಣಕಾಲೂರಿ ಕುಳಿತಿದ್ದೆ. ಎರಡು ಮಾರು ದೂರದಲ್ಲಿ ಒಂದು ಗಂಡು ಓತಿಕೇತ, ತಲೆಯೆಲ್ಲ ಕೆಂಪಾಗಿ ಮೈಯೆಲ್ಲ ಕಪ್ಪಾಗಿ, ಮುಂಗಾಲ ಮೇಲೆ ಏಳುತ್ತ ಇಳಿಯುತ್ತ ಗರಡಿ ಪೈಲ್ವಾನನಂತೆ ದಂಡ ಹೊಡೆಯುತ್ತಿತ್ತು. ಎಷ್ಟು ಹೊಡೆಯುತ್ತದೆ ಎಂದು ನಾನು ಎಣಿಸುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನನ್ನ ಪಕ್ಕದಲ್ಲಿ ಇನ್ನೊಬ್ಬರು ಉಸಿರಾಡುವುದು ಕೇಳಿಸಿತು. ತಿರುಗಿ ನೋಡಿದರೆ ಐವತ್ತು ದಾಟಿದ ಹೆಣ್ಣುಮಗಳೊಬ್ಬಳು, ಕೋಲನ್ನು ಬಗಲಲ್ಲಿ ಇಟ್ಟುಕೊಂಡು, ನನ್ನ ಹಾಗೆಯೇ ಬಗ್ಗಿ ಕಲ್ಲಿನ ಸಂದಿಗಳಲ್ಲಿ ಬೆರಳಾಡಿಸುತ್ತಿದ್ದಳು.

"ಏನ್ ಕಳಕೊಂಡೀರಿ ಅಕ್ಕೋರೆ, ಬೆಂಡೋಲೀನಾ?" ಎಂದು ಕೇಳಿದಳು.

ಕಿವಿಯೋಲೆ ಕಿವಿಯಲ್ಲೇ ಇದೆ, ನಾನು ಓತಿಕೇತ ನೋಡುತ್ತಿದ್ದೇನೆ ಎಂದೆ. ಆಕೆ ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿಕೊಂಡಳು. ಇದನ್ನು ನೋಡಲಿಕ್ಕೆ ಸರ್ಕಾರ ಪಗಾರ ಕೊಡುತ್ತದೆಯೇ ಎಂದು ಕೇಳಿದಳು. ಇಲ್ಲ, ಇದು ಪುಕ್ಕಟೆ ಕೆಲಸ ಎಂದಾಗ ಆಕೆಗೆ ನನ್ನ ಮೇಲೆ ಕನಿಕರ ಬಂದಿರಬೇಕು. "ಪುಕ್ಕಟೆ ನೋಡಾಕ ಈ ಮುದುಕನ್ನ ಯಾಕ ನೋಡ್ತೀರಿ? ಆ ಕಡೆ ಬರ್ರಿ, ಇದಕ್ಕಿಂತ ಚೆಂದನ್ನವು ಅದಾವ" ಎಂದು ಮುಂದೆ ಮುಂದೆ ನಡೆದಳು. ನಾನು ಹಿಂದೆ ಹೋದೆ.

ಆಗ ನಾನು ಮಸ್ಕಿಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿ ತಿಂಗಳಷ್ಟೇ ಆಗಿತ್ತು. ಮನೆ ಲಿಂಗಸುಗೂರಿನಲ್ಲಿ. ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದೆ. ಶನಿವಾರ ಶಾಲೆ ಬೇಗ ಬಿಡುತ್ತಿತ್ತು, ಆದರೆ ಬಸ್ಸು ಬೇಗ ಬರುತ್ತಿರಲಿಲ್ಲ. ನಡುವಿನ ಆ ಎರಡು ತಾಸು ಸ್ಟ್ಯಾಂಡಿನಲ್ಲಿ ಕೂಡುವುದು ಬೇಡವೆಂದು ಗುಡ್ಡ ಹತ್ತಲು ಶುರು ಮಾಡಿದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ್ದೆನಾದರೂ ನಾನು ಅಲ್ಲಿ ನೋಡಿದ್ದೆಲ್ಲ ಶೀಸೆಯೊಳಗೆ ಔಷಧಿಯಲ್ಲಿ ನೆನೆದ ಜೀವಗಳು. ಬಿಸಿಲಿಗೆ ಮೈಯೊಡ್ಡಿ ಜಗಳವಾಡುವ ಜೀವವನ್ನು ಕುಳಿತು ನೋಡಿದ್ದು ಈ ಗುಡ್ಡದಲ್ಲೇ ಮೊದಲು.

ಆ ಶನಿವಾರದಿಂದ ನಮ್ಮಿಬ್ಬರ ಜೋಡಿ ಕೂಡಿತು. ಆಕೆಗೆ ಒಂಬತ್ತು ಆಡು ಇದ್ದವು. ಮಕ್ಕಳು ದೊಡ್ಡವರಾಗಿ ಹೊಲಮನೆ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಕೂತರೆ ಸೊಸೆಯ ಕೂಡ ಮಾತಿಗೆ ಮಾತು ಬೆಳೆಯುತ್ತದೆಂದು ತಾನೇ ಆಡು ಹೊಡೆದುಕೊಂಡು ಗುಡ್ಡಕ್ಕೆ ಬರುತ್ತಿದ್ದಳು. ಅಕ್ಷರ ಬರುತ್ತಿರಲಿಲ್ಲ. ಆದರೆ ಯಾವ ಬಂಡೆಯ ಬಿರುಕಿನಲ್ಲಿ ಉಡ ಇದೆ, ಯಾವ ಕಳ್ಳಿಯ ಬುಡದಲ್ಲಿ ಕೌಜುಗ ಮೊಟ್ಟೆಯಿಟ್ಟಿದೆ, ಬಿಳಿ ಹದ್ದಿನ ಜೋಡಿ ಯಾವ ಕೊರಕಲಿನಲ್ಲಿ ಗೂಡು ಕಟ್ಟುತ್ತದೆ ಎಲ್ಲ ಗೊತ್ತಿತ್ತು. ನಾನು ನೂರು ಪುಟದ ನೋಟುಬುಕ್ಕಿನಲ್ಲಿ ನಡುವೆ ಗೆರೆ ಹೊಡೆದು, ಎಡಕ್ಕೆ ಆಕೆ ಹೇಳುವ ಹೆಸರು, ಬಲಕ್ಕೆ ಪುಸ್ತಕದ ಹೆಸರು ಬರೆಯತೊಡಗಿದೆ. ಟಿಟ್ಟಿಭ ಹಕ್ಕಿಗೆ ಆಕೆ ಇಟ್ಟ ಹೆಸರು 'ಯಾವನ್ಲೇ ನೀ'. ಯಾರಾದರೂ ಹತ್ತಿರ ಹೋದರೆ ಅದು ಹಾಗೆಯೇ ಗದರಿಸುತ್ತದಂತೆ. ಒಮ್ಮೆ ಹಾಗೆ ಕೇಳಿದ ಮೇಲೆ ನನಗೂ ಈ ಜನ್ಮದಲ್ಲಿ ಅದು ಬೇರೆ ಥರ ಕೇಳಿಸಿಲ್ಲ.

ಗುಡ್ಡದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಅರಸನ ಶಾಸನ ಕೆತ್ತಿದ ಬಂಡೆ ಇದೆ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬಂದು ಹತ್ತು ನಿಮಿಷ ನಿಂತು ಹೋಗುತ್ತಿದ್ದರು. ನಾವಿಬ್ಬರೂ ಅದರ ನೆರಳಲ್ಲಿ ಕುಳಿತು ಬುತ್ತಿ ಉಣ್ಣುತ್ತಿದ್ದೆವು. ಮಳೆ ಬಿದ್ದ ಮರುದಿನ ಇಳಿಜಾರಿನಲ್ಲಿ ಮಣ್ಣು ಕೊಚ್ಚಿ ಹೋಗಿ ಹಳೆಯ ಮಡಕೆಯ ಚೂರುಗಳು, ಒಮ್ಮೊಮ್ಮೆ ಸಾಸಿವೆಗಿಂತ ತುಸು ದೊಡ್ಡದಾದ ಮಣಿಗಳು ಎದ್ದು ಕಾಣುತ್ತಿದ್ದವು. ನಾನು ಅವನ್ನು ನೋಡಿ, ನೋಟುಬುಕ್ಕಿನಲ್ಲಿ ಚಿತ್ರ ಬರೆದು, ಇದ್ದಲ್ಲೇ ಬಿಡುತ್ತಿದ್ದೆ. ಆಕೆ ಒಂದು ಚೂರನ್ನು ಕೈಯಲ್ಲಿ ಹಿಡಿದು ಅಂಚನ್ನು ಹೆಬ್ಬೆರಳಿಂದ ಸವರಿ, ಈ ಗಡಿಗೆ ಮಾಡಿದವನ ಕೈ ಚಲೋ ಇತ್ತು, ಈಗಿನವು ಇಷ್ಟು ತೆಳ್ಳಗೆ ಬರುವುದಿಲ್ಲ ಎಂದಿದ್ದಳು. ಅಷ್ಟು ವರ್ಷದ ಹಿಂದಿನ ಕುಂಬಾರನನ್ನು ಓಣಿಯವನಂತೆ ಹೊಗಳುವುದು ಕೇಳಿ ನನಗೆ ಖುಷಿಯಾಯಿತು.

ಹೀಗಿರುವಾಗ ಎಂಬತ್ತರ ಫೆಬ್ರವರಿಯಲ್ಲಿ, ಒಂದು ಶನಿವಾರ, ಸಂಪೂರ್ಣ ಸೂರ್ಯಗ್ರಹಣ ಬಂತು. ನಡು ಮಧ್ಯಾಹ್ನ ಸೂರ್ಯ ಪೂರಾ ಮುಚ್ಚಿ ಕತ್ತಲಾಗುವ ಪಟ್ಟಿ ನಮ್ಮ ಸೀಮೆಯ ಮೇಲೆಯೇ ಹಾಯ್ದು ಹೋಗುತ್ತದೆಂದು ರೇಡಿಯೋದಲ್ಲಿ ಹೇಳಿದರು. ಅದಕ್ಕೆ ತಿಂಗಳ ಮೊದಲಿನಿಂದಲೇ ಊರಿನಲ್ಲಿ ಬರೀ ಇದೇ ಮಾತು. ಕಣ್ಣು ಹೋಗುತ್ತದೆ, ನೀರು ಕೆಡುತ್ತದೆ, ಹೊರಗೆ ಕಾಲಿಟ್ಟವರಿಗೆ ಲಕ್ವ ಹೊಡೆಯುತ್ತದೆ ಎಂದು ದಿನಕ್ಕೊಂದು ಸುದ್ದಿ ಹುಟ್ಟುತ್ತಿತ್ತು. ನಾನು ಒಂದು ವಿಜ್ಞಾನದ ಪತ್ರಿಕೆಯಲ್ಲಿ, ಗ್ರಹಣದ ಕತ್ತಲಿಗೆ ಪ್ರಾಣಿ ಪಕ್ಷಿಗಳು ಮೋಸ ಹೋಗುತ್ತವೆ, ಸಂಜೆಯಾಯಿತೆಂದು ಗೂಡಿಗೆ ಮರಳುತ್ತವೆ ಎಂದು ಓದಿದ್ದೆ. ಮೋಸ ಹೋಗುವುದನ್ನು ಕಣ್ಣಾರೆ ನೋಡಬೇಕೆನ್ನಿಸಿತು. ಅದಕ್ಕೆ ನಮ್ಮ ಗುಡ್ಡಕ್ಕಿಂತ ಒಳ್ಳೆಯ ಜಾಗ ಯಾವುದಿತ್ತು?

ಹತ್ತನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆಂದು ಹೆಡ್ ಮಾಸ್ತರನ್ನು ಕೇಳಿದೆ. ಅವರು ಗಣಿತದವರು, ಶಿಸ್ತಿನ ಮನುಷ್ಯ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಗ್ರಹಣ ಹೇಗೆ ಆಗುತ್ತದೆ ಎಂಬುದು ತಮಗೂ ಗೊತ್ತು, ಆದರೆ ನಾಳೆ ಒಬ್ಬ ಹುಡುಗನಿಗೆ ನೆಗಡಿಯಾದರೂ ಅವನ ತಾಯಿ ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ ಎಂದರು. ಅಂದು ಹತ್ತು ಗಂಟೆಗೇ ಶಾಲೆ ಬಿಡುವುದಾಗಿಯೂ, ಎಲ್ಲರೂ ಬಾಗಿಲು ಹಾಕಿಕೊಂಡು ಒಳಗಿರಬೇಕೆಂದೂ ನೋಟೀಸು ಬರೆಸಿದರು. ನಾನು ಹೊರಡುವಾಗ ಹಿಂದಿನಿಂದ ಕರೆದು, "ನೋಡ್ರಿ ಟೀಚರ್, ನೀವೊಬ್ರು ಎಲ್ಲಿ ಹೋಗ್ತೀರಿ ಅಂತ ನಾ ಕೇಳಂಗಿಲ್ಲ. ನೀವೂ ಹೇಳಬ್ಯಾಡ್ರಿ" ಎಂದರು.

ಮಕ್ಕಳನ್ನು ಕರೆದೊಯ್ಯಲು ಆಗದಿದ್ದರೇನು, ಪಾಠ ಮಾಡಲು ಯಾರ ಅಡ್ಡಿಯೂ ಇರಲಿಲ್ಲ. ಒಂದು ಪೋಸ್ಟ್ ಕಾರ್ಡಿಗೆ ಸೂಜಿಯಿಂದ ತೂತು ಮಾಡಿ ಬಿಸಿಲಿಗೆ ಹಿಡಿದೆ. ಕೆಳಗಿನ ಬಿಳಿ ಹಾಳೆಯ ಮೇಲೆ ಬೀಳುವ ದುಂಡನೆಯ ಚುಕ್ಕೆ ತೂತಿನ ಆಕಾರವಲ್ಲ, ಸೂರ್ಯನದೇ ಬಿಂಬ ಎಂದು ತೋರಿಸಿದೆ. ಗ್ರಹಣದ ದಿನ ಅದು ಕಡಿದ ರೊಟ್ಟಿಯಂತೆ ಕಾಣುತ್ತದೆ, ಮೇಲೆ ನೋಡಬಾರದು, ಕೆಳಗಿನ ಬಿಂಬವನ್ನಷ್ಟೇ ನೋಡಬೇಕು ಎಂದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, ತಮ್ಮ ಮನೆಯ ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ ಇದೆ, ಅದಕ್ಕೆ ರಟ್ಟು ಮುಚ್ಚಿ ರಟ್ಟಿಗೆ ಸಣ್ಣ ತೂತು ಮಾಡಿದರೆ ಮನೆಯೊಳಗೇ ಕುಳಿತು ನೋಡಬಹುದೇ ಎಂದು ಕೇಳಿದಳು. ನನಗೆ ಅದು ಹೊಳೆದೇ ಇರಲಿಲ್ಲ. ಮಸ್ಕಿಯ ಅರ್ಧ ಊರೇ ಮಾಳಿಗೆ ಮನೆಗಳು.

ನಾನೊಬ್ಬಳೇ ಗುಡ್ಡಕ್ಕೆ ಹೋಗುವುದಕ್ಕೆ ನಮ್ಮ ಮನೆಯಲ್ಲಿ ಅವ್ವ ಒಪ್ಪಲಿಲ್ಲ. ಅಪ್ಪ ತಹಸೀಲ ಕಚೇರಿಯಲ್ಲಿ ಕಾರಕೂನರಾಗಿದ್ದವರು, ನಿಜಾಮನ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವರು. ನಾಲ್ಕು ದಿನ ಬಿಟ್ಟು ವೆಲ್ಡಿಂಗ್ ಅಂಗಡಿಯಿಂದ ಕಪ್ಪು ಗಾಜು ತಂದು ನನ್ನ ಕೈಯಲ್ಲಿಟ್ಟರು. "ನಿಮ್ಮವ್ವಗ ನಾ ಹೇಳ್ತೀನಿ, ನೀ ಫಿಕರ್ ಮಾಡಬ್ಯಾಡ. ಆದ್ರ ಗಾಜು ಬಿಟ್ಟು ಸೂರ್ಯನ್ನ ನೋಡಿದಿ ಅಂದ್ರ, ನನ್ನಷ್ಟು ಖರಾಬ್ ಮನಿಷ್ಯಾ ಇಲ್ಲ" ಎಂದರು. ಗ್ರಹಣದ ದಿನ ಬೆಳಿಗ್ಗೆ ಅವ್ವ ಮಾತು ಬಿಟ್ಟಿದ್ದಳು. ಬುತ್ತಿ ಮಾತ್ರ ದಿನಕ್ಕಿಂತ ಭಾರವಾಗಿತ್ತು.

ಶಾಲೆ ಬಿಟ್ಟ ಮೇಲೆ ಊರಲ್ಲಿ ನಡೆದು ಹೋದೆ. ಅಂಗಡಿಗಳ ಬಾಗಿಲು ಮುಚ್ಚಿದ್ದವು. ಚಹಾದಂಗಡಿಯ ಒಲೆ ಆರಿತ್ತು. ನೀರಿನ ಕೊಡಗಳ ಬಾಯಿಗೆ ದರ್ಭೆ ಇಟ್ಟಿದ್ದರು. ಒಂದು ಮನೆಯ ಕಿಟಕಿಯಿಂದ ಯಾರೋ, ಅಕ್ಕೋರು ಹೊಂಟಾರ ನೋಡ್ರಿ ಎಂದು ಪಿಸುಗುಟ್ಟಿದ್ದು ಕೇಳಿಸಿತು. ಗುಡ್ಡದ ಬುಡಕ್ಕೆ ಬಂದಾಗ ನನಗೂ ಸ್ವಲ್ಪ ಅಳುಕಿತ್ತು. ಆಡಿನ ಅವ್ವ ಬರಲಾರಳು ಎಂದೇ ಅಂದುಕೊಂಡಿದ್ದೆ. ನೋಡಿದರೆ ಆಕೆ ದಿನದ ಜಾಗದಲ್ಲೇ, ಒಂಬತ್ತೂ ಆಡು ಬಿಟ್ಟುಕೊಂಡು, ಎಲೆಯಡಿಕೆ ಹಾಕುತ್ತ ಕುಳಿತಿದ್ದಳು.

"ಎಲ್ಲಾರೂ ಬ್ಯಾಡ ಅಂದ್ರು ರೀ," ಎಂದಳು. "ಆಡಿಗೆ ರೇಡಿಯೋ ತಿಳಿತೈತೇನು? ಅವು ಹಸಿವಿ ಆತಂದ್ರ ಒದರ್ತಾವ."

ಆದರೆ ಆಕೆಗೆ ಭಯ ಇರಲಿಲ್ಲವೆಂದಲ್ಲ. ತಾನು ಸೂರ್ಯನ ಕಡೆ ಬೆನ್ನು ಹಾಕಿ ಕೂಡುವುದಾಗಿ ಮೊದಲೇ ಹೇಳಿದಳು. ಕೊನೆಗೆ ನಾವು ಕೆಲಸ ಹಂಚಿಕೊಂಡೆವು: ಮೇಲಿನದನ್ನು ನಾನು ನೋಡಿ ಬರೆಯುವುದು, ಕೆಳಗಿನದನ್ನು ಆಕೆ ನೋಡುವುದು. ಏನೇನಾಗಬಹುದೆಂದು ನಾನು ನೋಟುಬುಕ್ಕಿನಲ್ಲಿ ಮೊದಲೇ ಬರೆದಿದ್ದೆ. ಆಡುಗಳು ಮನೆಯ ದಾರಿ ಹಿಡಿಯುತ್ತವೆ, ಬಿರುಕಿನಲ್ಲಿರುವ ಕೊಂಬಿನ ಗೂಬೆ ಕೂಗುತ್ತದೆ, ಬಾವಲಿಗಳು ಗುಂಪಾಗಿ ಹೊರಬರುತ್ತವೆ ಎಂದು. ಓದಿ ಹೇಳಿದರೆ ಆಕೆ ಇಲ್ಲವೆಂದು ತಲೆಯಾಡಿಸಿದಳು. ಹೊಟ್ಟೆ ತುಂಬದೆ ಆಡು ಮನೆಗೆ ಹೋಗುವುದಿಲ್ಲ, ಗೂಬೆ ಮನಸ್ಸಿಗೆ ಬಂದರಷ್ಟೇ ಕೂಗುತ್ತದೆ ಎಂಬುದು ಆಕೆಯ ಅಂದಾಜು.

ಎರಡೂವರೆ ಆದ ಮೇಲೆ ಗಾಜಿನಲ್ಲಿ ಸೂರ್ಯನ ಒಂದು ಅಂಚು ಚಪ್ಪಟೆಯಾದಂತೆ ಕಂಡಿತು. ನಾನು ಗಡಿಯಾರ ನೋಡಿ ಬರೆದೆ. ಮೊದಲ ಮುಕ್ಕಾಲು ತಾಸು ಏನೂ ವಿಶೇಷ ಇರಲಿಲ್ಲ. ಆಮೇಲೆ ಬಿಸಿಲಿನ ಬಣ್ಣ ಕೆಟ್ಟಿತು. ಸಂಜೆಯ ಬಿಸಿಲು ಕೆಂಪಗಿರುತ್ತದೆ, ಇದು ತವರದ ಬಣ್ಣ. ನಮ್ಮ ಪಕ್ಕದ ಬೇವಿನ ಗಿಡದ ಕೆಳಗೆ ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಬಾಗಿದ್ದವು. ಆಡಿನ ಅವ್ವನ ಸೀರೆಯ ಮೇಲೂ ಕುಡುಗೋಲು, ಬಿಳಿ ಆಡಿನ ಬೆನ್ನ ಮೇಲೂ ಕುಡುಗೋಲು. ಆಕೆ ಸೆರಗು ಹರವಿ ಅವನ್ನು ಹಿಡಿದು ನೋಡಿದಳು. ಸೂರ್ಯನನ್ನು ನೋಡುವುದಿಲ್ಲವೆಂದವಳು ಮಡಿಲ ತುಂಬ ಸೂರ್ಯನನ್ನೇ ಇಟ್ಟುಕೊಂಡಿದ್ದಳು. ನಾನು ಹಾಗೆಂದಾಗ ಆಕೆ ನಕ್ಕಳು, ಸೆರಗು ಮಾತ್ರ ಕೊಡವಲಿಲ್ಲ.

ಮೂರೂ ನಲವತ್ತರ ಸುಮಾರಿಗೆ 'ಗಾಳಿ ತಂಪು' ಎಂದು ಬರೆದೆ. ಅದೇ ನನ್ನ ಕೊನೆಯ ಸಾಲು.

ಯಾಕೆಂದರೆ ಆಗ ಪಶ್ಚಿಮದ ಬಯಲಿನ ಮೇಲಿಂದ ನೆರಳು ಬಂತು. ದೊಡ್ಡ ಮಳೆ ಬರುವಾಗ ಮೋಡ ಬರುವುದನ್ನು ಗುಡ್ಡದಿಂದ ಎಷ್ಟೋ ಸಲ ನೋಡಿದ್ದೆ. ಇದು ಸದ್ದೇ ಇಲ್ಲದ ಮಳೆ. ಹೊಲ, ಹಳ್ಳ, ರಸ್ತೆ ಎಲ್ಲವನ್ನೂ ನುಂಗುತ್ತ ನಾನು ನಾಲ್ಕು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಮ್ಮನ್ನು ದಾಟಿತು. ಗಾಜು ಕೆಳಗಿಳಿಸಿದೆ. ಸೂರ್ಯನಿದ್ದಲ್ಲಿ ಕರ್ರಗಿನ ದುಂಡು ಬಿಲ್ಲೆ, ಅದರ ಸುತ್ತ ಬೆಳ್ಳಿಯ ಕೂದಲು ಹರಡಿದಂತೆ ಬೆಳಕು. ತಲೆಯ ಮೇಲೆ ಶುಕ್ರ ಹೊಳೆಯುತ್ತಿತ್ತು. ದಿಗಂತದಲ್ಲಿ ನಾಲ್ಕೂ ದಿಕ್ಕಿಗೆ ಕೆಂಪು, ಒಮ್ಮೆಲೇ ಎಲ್ಲ ಕಡೆಯೂ ಸಂಜೆಯಾದಂತೆ. ನಾನು ಪೆನ್ನು ಹಿಡಿದಿದ್ದೇನೆ ಎಂಬುದೂ ಮರೆಯಿತು. ನನ್ನ ಗಂಟಲಿನಿಂದ ಏನೋ ಸದ್ದು ಬಂದಿತಂತೆ. ಆಕೆ ಆಮೇಲೆ ಹೇಳಿದ್ದು.

ಒಂದು ನಿಮಿಷ ಕಳೆದಿತ್ತೇನೋ, ಈಗ ಬರಿಗಣ್ಣಿನಿಂದ ನೋಡಿದರೂ ಏನೂ ಆಗುವುದಿಲ್ಲ ಎಂಬುದು ನೆನಪಾಗಿ ಆಕೆಯ ಭುಜ ಹಿಡಿದೆ. "ಅವ್ವ, ಈಗ ನೋಡು. ಈಗ ನೋಡಬಹುದು, ಆಮೇಲೆ ಸಿಗಂಗಿಲ್ಲ" ಎಂದೆ. ಆಕೆ ಕಣ್ಣು ಮುಚ್ಚಿಕೊಂಡೇ ತಿರುಗಿದಳು. ಆಮೇಲೆ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಎನ್ನಿಸುವಷ್ಟು ನೋಡಿದಳು.

"ಇದು ಮುಚ್ಚಿಲ್ಲ ರೀ," ಎಂದಳು ಮೆಲ್ಲಗೆ. "ಕಣ್ಣು ಬಿಟ್ಟು ನಮ್ಮನ್ನ ನೋಡಾಕತ್ತೈತಿ."

ಬಿಲ್ಲೆಯ ಒಂದು ಅಂಚಿನಲ್ಲಿ ಬೆಳಕು ಚಿಮ್ಮಿತು. ನಾನು ಆಕೆಯ ಕಣ್ಣಿಗೆ ಕೈ ಅಡ್ಡ ಹಿಡಿದು ತಿರುಗಿಸಿದೆ. ಬಯಲಿನ ಮೇಲೆ ಬೆಳಕು ಓಡಿಬಂತು, ಕೆಳಗೆ ಊರಿನ ಮನೆಗಳೊಳಗಿಂದ, ಬುಟ್ಟಿಯ ಕೆಳಗೆ ಮುಚ್ಚಿಟ್ಟ ಹುಂಜಗಳೆಲ್ಲ ಒಟ್ಟಿಗೇ ಕೂಗಿದವು. ನಾವಿಬ್ಬರೂ ನಕ್ಕೆವು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಇಬ್ಬರ ಕಣ್ಣಲ್ಲೂ ನೀರಿತ್ತು.

ಆಮೇಲೆ ನೋಟುಬುಕ್ಕು ತೆಗೆದು ನೋಡಿದೆ. ತಿಂಗಳಿಂದ ತಯಾರಿ ಮಾಡಿದ್ದು ಆ ಎರಡು ಎರಡೂವರೆ ನಿಮಿಷಕ್ಕಾಗಿ. ಆ ನಿಮಿಷಗಳ ಪುಟ ಖಾಲಿ. ಒಂದು ಹಕ್ಕಿಯನ್ನೂ ನಾನು ನೋಡಿರಲಿಲ್ಲ. ಎಂಥ ವಿಜ್ಞಾನದ ಟೀಚರು ನಾನು ಎಂದು ನಾಚಿಕೆಯಾಯಿತು. ಆಡಿನ ಅವ್ವ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಹೇಳಿದೆ.

"ನೀವು ನೋಡ್ಲಿಲ್ಲ, ನಾ ನೋಡೀನಲ್ಲ," ಎಂದಳು. "ಬರಕೊಳ್ರಿ."

ಹೆಗಲಿಗೆ ಕೋಲು ಆನಿಸಿ ಕುಳಿತು ಆಕೆ ಹೇಳುತ್ತ ಹೋದಳು. ನಾನು ಬರೆಯುತ್ತ ಹೋದೆ. ಕತ್ತಲು ಬೀಳುವ ಮೊದಲೇ ಹಳ್ಳದ ಬೆಳ್ಳಕ್ಕಿಗಳು ಸಾಲುಹಿಡಿದು ಹುಣಸೆಮರಕ್ಕೆ ಬಂದಿದ್ದವು. ಗಿಳಿಗಳು ಒದರಾಡುತ್ತ ಬಂದು, ಕೂಡಲೋ ಬೇಡವೋ ಎಂದು ಮರ ಸುತ್ತಿ, ಕೊನೆಗೆ ಕುಳಿತವು. ಬಂಡೆಯ ಓತಿಕೇತಗಳು ಬಿರುಕಿಗೆ ಹೋದವು, ಒಂದು ಮಾತ್ರ ಬಾಲ ಹೊರಗೆ ಬಿಟ್ಟುಕೊಂಡೇ ಇತ್ತು. ಬಾವಲಿ ಎರಡೇ ಎರಡು ಹೊರಬಂದು ಒಂದು ಸುತ್ತು ಹಾರಿ ತಿರುಗಿ ಒಳಗೆ ಹೋದವು. ಗೂಬೆ ಕೂಗಲಿಲ್ಲ, ಕಣ್ಣಷ್ಟೇ ಅಗಲ ಮಾಡಿತು. ಎಂಟು ಆಡು ಮೆಲುಕು ಹಾಕುತ್ತ ನಿಂತಲ್ಲೇ ನಿಂತವು. ಕರಿ ಆಡು ಮಾತ್ರ ಮನೆಯ ದಾರಿ ಹಿಡಿದಿತ್ತು. ಅದರ ಕಿವಿ ಹಿಡಿದು ನಿಲ್ಲಿಸಿಕೊಂಡಿದ್ದರಿಂದಲೇ ತಾನು ತಿರುಗಲು ತಡವಾಯಿತೆಂದಳು. ಆ ಒಂದು ಆಡಿನ ಮಟ್ಟಿಗೆ ನಾನು ಗೆದ್ದಿದ್ದೆ. ಉಳಿದುದರಲ್ಲಿ ಹೆಚ್ಚುಕಡಿಮೆ ಆಕೆಯೇ.

ಸೋಮವಾರ ಶಾಲೆಗೆ ಹೋದರೆ ಕ್ಲಾಸಿನಲ್ಲಿ ನಿಲ್ಲಲೂ ಜಾಗವಿಲ್ಲ. ಬೆಳಕಿಂಡಿಯ ಉಪಾಯ ಒಬ್ಬಳಿಂದ ಒಬ್ಬಳಿಗೆ ಹೋಗಿ ಓಣಿ ಓಣಿಯ ಮನೆಗಳಲ್ಲಿ ರಟ್ಟು ಕಟ್ಟಿದ್ದರಂತೆ. ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲೆ ಮಾಡಿಕೊಂಡು ಕೂತದ್ದರಿಂದಲೇ ಬಿಂಬ ಇನ್ನಷ್ಟು ಚೆನ್ನಾಗಿ ಬಿದ್ದಿತ್ತು. ಒಬ್ಬನ ಅಜ್ಜಿ ನೆಲದ ಮೇಲಿನ ಸೂರ್ಯನಿಗೆ ಅರಿಶಿನ ಕುಂಕುಮ ಹಚ್ಚಿದ್ದಳು. ಅದು ಸರಿದ ಹಾಗೆಲ್ಲ ಮತ್ತೆ ಹಚ್ಚಿ, ಕೊನೆಗೆ ನೆಲದ ಮೇಲೆ ಕುಂಕುಮದ ಒಂದು ಸಾಲೇ ಆಗಿತ್ತು. ಸೂರ್ಯ ಓಡಾಡಿದ ದಾರಿಯ ಅಷ್ಟು ಚೊಕ್ಕ ನಕ್ಷೆಯನ್ನು ನಾನು ಬೋರ್ಡಿನ ಮೇಲೆ ಎಂದೂ ಬರೆದಿಲ್ಲ.

ಮಧ್ಯಾಹ್ನ ಹೆಡ್ ಮಾಸ್ತರು ತಮ್ಮ ಕೋಣೆಗೆ ಕರೆಸಿದರು. ಬೈಗುಳ ಕಾದಿದೆ ಎಂದುಕೊಂಡು ಹೋದೆ. ಅವರು ಬಾಗಿಲು ಮುಂದೆ ಮಾಡಿ, ತಮ್ಮ ಮನೆಯ ಪಡುವಣ ಬಾಗಿಲಿನ ಹಲಗೆಯಲ್ಲಿ ಮರದ ಗಂಟೊಂದು ಉದುರಿ ತೂತಾಗಿದೆ, ಅದರಿಂದ ಎದುರಿನ ಗೋಡೆಯ ಮೇಲೆ ಸೂರ್ಯ ಬಿದ್ದಿದ್ದ ಎಂದರು. ತಾವು ಪೆನ್ಸಿಲ್ಲಿನಿಂದ ಐದೈದು ನಿಮಿಷಕ್ಕೊಮ್ಮೆ ಅದರ ಅಂಚು ಬರೆದಿದ್ದಾಗಿಯೂ, ಗೋಡೆ ಕೆಡಿಸಿದ್ದಕ್ಕೆ ಮನೆಯವರು ಇನ್ನೂ ಸಿಟ್ಟಾಗಿರುವುದಾಗಿಯೂ ಹೇಳಿದರು. ಆಮೇಲೆ ಜೇಬಿನಿಂದ ಒಂದು ಹಾಳೆ ತೆಗೆದರು. ಗೋಡೆಯ ಚಿತ್ರವನ್ನು ಅಳತೆ ಮಾಡಿ ಇಳಿಸಿದ್ದರು. "ಮ್ಯಾಲೆ ಹ್ಯಾಂಗಿತ್ರಿ?" ಎಂದು ಕೇಳಿದರು. ನಾನು ಹೇಳುತ್ತಿರುವಷ್ಟು ಹೊತ್ತೂ ಅವರು ಗಂಟೆ ಹೊಡೆಸುವುದನ್ನು ಮರೆತರು. ಆ ವರ್ಷದಿಂದ ಶನಿವಾರಕ್ಕೊಮ್ಮೆ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ಯಲು ನನಗೆ ಒಪ್ಪಿಗೆ ಸಿಕ್ಕಿತು. ಅಲ್ಲಿ ಪಾಠ ಹೇಳುವವರು ಯಾರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾವು ನೋಡಿದ್ದನ್ನೆಲ್ಲ ಒಂದು ಪತ್ರವಾಗಿ ಬರೆದು ಆ ವಿಜ್ಞಾನದ ಪತ್ರಿಕೆಗೆ ಕಳಿಸಿದೆ. ನಾಲ್ಕು ತಿಂಗಳಾದ ಮೇಲೆ ಓದುಗರ ಪತ್ರಗಳ ನಡುವೆ ಸಣ್ಣ ಅಕ್ಷರದಲ್ಲಿ ಅಚ್ಚಾಯಿತು. ಕೆಳಗೆ ಇಬ್ಬರ ಹೆಸರೂ ಇತ್ತು. ಶಾಸನದ ಬಂಡೆಯ ನೆರಳಲ್ಲಿ ಕುಳಿತು ಆಕೆಗೆ ಓದಿ ಹೇಳಿದೆ. ಆಕೆ ತನ್ನ ಹೆಸರಿನ ಮೇಲೆ ಬೆರಳಿಟ್ಟು, ಇದು ಎಷ್ಟು ಉದ್ದ ಇದೆ ಎಂದಳು. ಆಮೇಲೆ ಇನ್ನೊಮ್ಮೆ ಓದಿಸಿ, ಬೆಳ್ಳಕ್ಕಿ ಬಂದದ್ದು ಗಿಳಿಗಿಂತ ಮೊದಲು, ಇವರು ಹಿಂದುಮುಂದು ಮಾಡಿದ್ದಾರೆ ಎಂದು ತಪ್ಪು ಹಿಡಿದಳು. ಆಕೆ ಹೇಳಿದ್ದೇ ಸರಿ, ತಪ್ಪು ಅಚ್ಚಿನದು. ತಿದ್ದುಪಡಿಗೆ ಇನ್ನೊಂದು ಪತ್ರ ಬರೆದೆವು, ಅದನ್ನು ಅವರು ಹಾಕಲಿಲ್ಲ.

ತೊಂಬತ್ತರ ಸುಮಾರಿಗೆ ನನಗೆ ಸಿಂಧನೂರಿಗೆ ವರ್ಗವಾಯಿತು. ಗುಡ್ಡ ಬಿಟ್ಟು ಕಾಲುವೆಯ ನಾಡಿಗೆ ಬಂದೆ. ಒಂದು ಚಳಿಗಾಲದಲ್ಲಿ ಆಡಿನ ಅವ್ವನನ್ನು ಕರೆಸಿಕೊಂಡೆ. ಅಷ್ಟೊತ್ತಿಗೆ ಆಕೆಗೆ ಅರವತ್ತು ದಾಟಿತ್ತು, ಆಡುಗಳನ್ನು ಎರಡು ದಿನ ಸೊಸೆಗೆ ಒಪ್ಪಿಸಿ, ಏನೇನು ಮಾಡಬಾರದೆಂದು ಅರ್ಧ ತಾಸು ಹೇಳಿ ಬಂದಿದ್ದಳು. ಬೆಳಿಗ್ಗೆ ಇಬ್ಬರೂ ದಢೇಸುಗೂರಿನ ಕಡೆ ಗದ್ದೆಗಳಿಗೆ ಹೋದೆವು. ಕಾಲುವೆಯ ಏರಿಯ ಮೇಲೆ ನಿಂತು ಆಕೆ ಮೊದಲು ನೀರನ್ನೇ ನೋಡಿದಳು. ಇಷ್ಟು ನೀರು ಯಾರೂ ಕೇಳದೆ ಹೀಗೆ ಹೋಗುತ್ತಲೇ ಇರುತ್ತದೆಯೇ ಎಂದು ಕೇಳಿದಳು.

ಗದ್ದೆಯ ಬದುವಿನ ಮೇಲೆ ಕಪ್ಪಗಿನ ದೊಡ್ಡ ಹಕ್ಕಿಗಳು ನಾಲ್ಕು ನಡೆದಾಡುತ್ತಿದ್ದವು, ಕುಡುಗೋಲಿನ ಕೊಕ್ಕು, ನೆತ್ತಿಯ ಮೇಲೆ ಕೆಂಪು. ಗುಡ್ಡದಲ್ಲಿ ಇಂಥದ್ದು ಇರಲಿಲ್ಲ, ಆಕೆಯ ಬಳಿ ಇದಕ್ಕೆ ಹೆಸರೂ ಇರಲಿಲ್ಲ. ನೀರು ತಿರುವುತ್ತಿದ್ದ ಆಂಧ್ರದ ರೈತರೊಬ್ಬರನ್ನು ಕೇಳಿದೆವು. ಅವರು ಸಲಿಕೆ ಊರಿ, "ನಲ್ಲ ಕಂಕಣಂ ಅಂತಾರಮ್ಮ" ಎಂದರು. ತೆಲುಗಿನಲ್ಲಿ ನಲ್ಲ ಎಂದರೆ ಕಪ್ಪು.

"ಕಂಕಣಾ?" ಎಂದಳು ಆಕೆ, ಹುಬ್ಬು ಗಂಟಿಕ್ಕಿ. "ಕಟ್ಟಿದ್ದು ಕಾಣವಲ್ದಲ್ಲ."

ಎಂದವಳೇ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕಾಲು ನೋಡಿ ಬರುತ್ತೇನೆಂದು ಕೆಸರಿಗೆ ಇಳಿದಳು. ಹಕ್ಕಿಗಳು ಎರಡು ಹೆಜ್ಜೆ ಮುಂದೆ ಹೋದವು, ಆಕೆಯೂ ಅವುಗಳ ಬೆನ್ನಿಗೇ ಎರಡು ಹೆಜ್ಜೆ ಹೋದಳು. ಆ ರೈತರು ಸಸಿ ತುಳಿದೀರಿ ಜೋಕೆ ಎಂದು ಕೂಗುತ್ತ, ತಾವೂ ನಗುತ್ತ, ಆಕೆಯ ಹಿಂದೆ ನಡೆದರು. ನಾನು ಚಪ್ಪಲಿ ಬಿಟ್ಟು ಇಳಿದೆ.